ಹಟ್ಟಿಯ ಹಿಂದಿನ ಗಿಡ

ನಮ್ಮ ಊರಿನಲ್ಲಿ ಒಂದೇ ನೋವಿಗೆ ಮೂರು ಹೆಸರುಗಳಿವೆ. ಕನ್ನಡದವರು ಅರೆತಲೆಶೂಲೆ ಎನ್ನುತ್ತೇವೆ. ತುಳುವಿನಲ್ಲಿ ಬರಿಯ ತರೆಬೇನೆ ಎಂದರೂ, ಹೇಳುವವರ ದನಿಯ ಎಳೆತದಲ್ಲಿ ಅದು ಯಾವ ತಲೆನೋವೆಂದು ತಿಳಿದುಬಿಡುತ್ತದೆ. ಮಲೆಯಾಳದ ನೆರೆಯವರು ಚೆನ್ನಿಕ್ಕುತ್ತ್ ಎನ್ನುತ್ತಾರೆ. ಚೆನ್ನಿಯೆಂದರೆ ಕಣ್ಣು ಕಿವಿಗಳ ನಡುವಿನ ಜಾಗ, ಕುತ್ತ್ ಎಂದರೆ ಇರಿತ. ಮೂರರಲ್ಲಿ ಮಲೆಯಾಳದ ಮಾತೇ ನನಗೆ ಹೆಚ್ಚು ನಿಜವೆನಿಸಿದೆ. ನನ್ನ ಸೋದರತ್ತೆಗೆ ಮಲೆಯಾಳ ಅಷ್ಟಾಗಿ ಬರುತ್ತಿರಲಿಲ್ಲ. ಆದರೂ ಈ ನೋವಿನ ಮಾತು ಬಂದಾಗ ಅವಳು ಆ ಶಬ್ದವನ್ನೇ ಬಳಸುತ್ತಿದ್ದಳು.

ತಿಂಗಳಿಗೆ ಎರಡು ಸಲ, ಕೆಲವೊಮ್ಮೆ ಮೂರು ಸಲ ಅದು ಬರುತ್ತಿತ್ತು. ಮೊದಲು ಕಣ್ಣ ಮುಂದೆ ಅಂಕುಡೊಂಕಾದ ಬೆಳಕಿನ ಗೆರೆ ಕುಣಿಯುವುದು, ಆಮೇಲೆ ಎಡಗಡೆಯ ಚೆನ್ನಿಯಲ್ಲಿ ಬಡಿತ, ಆಮೇಲೆ ವಾಂತಿ. ಚಾವಡಿಯ ಒಳಗಿನ ಕತ್ತಲೆ ಕೋಣೆಯಲ್ಲಿ ಒದ್ದೆ ಬೈರಾಸನ್ನು ಹಣೆಗೆ ಬಿಗಿದು ಗೋಡೆಯ ಕಡೆ ಮುಖ ಮಾಡಿ ಮಲಗಿಬಿಡುವಳು. ಒಗ್ಗರಣೆಯ ವಾಸನೆ ಮೂಗಿಗೆ ಬಡಿದರೆ ನರಳುವಳು. ಆ ದಿನ ಮನೆಯಲ್ಲಿ ಯಾರೂ ಬಾಗಿಲನ್ನು ಸದ್ದಾಗುವಂತೆ ಹಾಕಕೂಡದು, ರೇಡಿಯೋ ತಿರುಗಿಸಕೂಡದು. ಶುಂಠಿ ತೇಯ್ದು ಹಚ್ಚುವುದು, ಅಮೃತಾಂಜನ ತಿಕ್ಕುವುದು, ಪೇಟೆಯ ಗುಳಿಗೆ ನುಂಗಿಸುವುದು ಎಲ್ಲವೂ ಆಗುತ್ತಿತ್ತು. ನುಂಗಿದ ಗುಳಿಗೆ ಹೊಟ್ಟೆಯಲ್ಲಿ ನಿಲ್ಲುತ್ತಿರಲಿಲ್ಲ. ಮರುದಿನವೋ ಅದರ ಮರುದಿನವೋ ಎದ್ದು, ತಲೆಗೆ ಸ್ನಾನ ಮಾಡಿ, ಏನೂ ಆಗದವಳಂತೆ ಅಡಿಗೆಮನೆಗೆ ನಡೆಯುವಳು. ಹಾಗೆ ನಡೆಯುತ್ತಿದ್ದುದರಿಂದಲೇ ಮನೆಯ ಗಂಡಸರಿಗೆ, ನನ್ನನ್ನೂ ಸೇರಿಸಿ, ಅದರಲ್ಲಿ ಅರ್ಧ ನಾಟಕವಿರಬಹುದೆಂಬ ಗುಮಾನಿ ಇತ್ತು. ಕಾಲು ಮುರಿದರೆ ಕಾಣುತ್ತದೆ, ಜ್ವರ ಬಂದರೆ ಮೈ ಮುಟ್ಟಿ ನೋಡಬಹುದು. ಅರೆತಲೆಶೂಲೆಗೆ ಸಾಕ್ಷಿ ಹೇಳಲು ಅದನ್ನು ಉಣ್ಣುವವಳ ಹೊರತು ಬೇರೆ ಯಾರೂ ಇಲ್ಲ. ಈ ರೋಗ ಗಂಡಸರಿಗಿಂತ ಹೆಂಗಸರಲ್ಲಿ ಎರಡು ಮೂರು ಪಟ್ಟು ಹೆಚ್ಚು ಎಂಬುದನ್ನು ನಾನು ತಿಳಿದದ್ದು ಬಹಳ ತಡವಾಗಿ. ಗಂಡಸರಲ್ಲಿ ಹೆಚ್ಚಾಗಿದ್ದರೆ ಗುಮಾನಿ ಇಷ್ಟು ದಿನ ಬಾಳುತ್ತಿತ್ತೇ ಎಂದು ಆಗೀಗ ಯೋಚಿಸಿದ್ದೇನೆ.

ಅಜ್ಜಿಗೆ ಮಾತ್ರ ಗುಮಾನಿ ಇರಲಿಲ್ಲ, ಮಗಳಲ್ಲವೇ. ಹಟ್ಟಿಯ ಹಿಂದೆ, ಗೊಬ್ಬರದ ಗುಂಡಿಯ ಅಂಚಿನಲ್ಲಿ ಒಂದು ಗಿಡವಿತ್ತು. ದನಗಳಿಗೆ ಭೇದಿಯಾದಾಗ ಅದರ ಸೊಪ್ಪನ್ನು ಅರೆದು ಕುಡಿಸುತ್ತಿದ್ದರು. ಅದೇ ಸೊಪ್ಪನ್ನು ಅಜ್ಜಿ ತುಪ್ಪದಲ್ಲಿ ಹದವಾಗಿ ಕಾಯಿಸಿ, ಸೋಸಿ, ಒಂದು ಸಣ್ಣ ಭರಣಿಯಲ್ಲಿ ತುಂಬಿಡುತ್ತಿದ್ದಳು. ಕಣ್ಣ ಮುಂದೆ ಗೆರೆ ಕುಣಿಯತೊಡಗಿದಾಗ ಅತ್ತೆ ಅದರಿಂದ ಬೆರಳ ತುದಿಯಷ್ಟು ತೆಗೆದು ಬೆಲ್ಲದೊಡನೆ ತಿನ್ನುತ್ತಿದ್ದಳು. ಬೇಗ ನಿದ್ದೆ ಬರುತ್ತಿತ್ತು. ಎಲ್ಲ ಸಲವೂ ನೋವು ತಪ್ಪುತ್ತಿತ್ತೆಂದು ಹೇಳಲಾರೆ, ನಾನು ಲೆಕ್ಕವಿಟ್ಟವನಲ್ಲ. ಕೆಲವು ಸಲವಾದರೂ ಅವಳು ಸಂಜೆಗೆ ಎದ್ದು ತುಳಸಿಯ ಮುಂದೆ ದೀಪ ಇಟ್ಟದ್ದು ನೆನಪಿದೆ.

1988ರ ಮಳೆಗಾಲ. ನಾನು ಆಗಷ್ಟೇ ಶಾಲೆಯಲ್ಲಿ ಖಾಯಂ ಆಗಿದ್ದೆ. ಪತ್ರಿಕೆಗಳಲ್ಲಿ ಮಾದಕದ್ರವ್ಯಗಳ ಹೊಸ ಕಾನೂನಿನ ಬಗ್ಗೆ ಓದಿಕೊಂಡಿದ್ದೆ. ಶಾಲೆಯಲ್ಲಿ ಮಕ್ಕಳಿಗೆ ಅದರ ಕುರಿತು ಭಾಷಣ ಮಾಡಿದ್ದೆ ಕೂಡ. ಒಂದು ದಿನ ಹಟ್ಟಿಯ ಹಿಂದೆ ಹೋದವನಿಗೆ ಆ ಗಿಡ ಮೊದಲ ಬಾರಿ ಗಿಡವಾಗಿ ಕಾಣಲಿಲ್ಲ, ಗಾಂಜಾ ಆಗಿ ಕಂಡಿತು. ಕಿತ್ತೆ. ಅಡಿಕೆ ಸೋಗೆಯೊಡನೆ ಬಚ್ಚಲೊಲೆಗೆ ತುರುಕಿದೆ. ಭರಣಿಯ ತುಪ್ಪವನ್ನೂ ಬೆಂಕಿಗೆ ಸುರಿದೆ. ಅಜ್ಜಿ ಎರಡು ದಿನ ನನ್ನೊಡನೆ ಮಾತಾಡಲಿಲ್ಲ. ಅತ್ತೆ ಆಗ ಏನೂ ಅನ್ನಲಿಲ್ಲ. ಬಹಳ ವರ್ಷಗಳ ನಂತರ, ಯಾವುದೋ ಬೇರೆ ಮಾತಿನ ನಡುವೆ, "ಮಾಣಿ, ನನ್ನನ್ನು ಒಂದು ಮಾತು ಕೇಳಬಹುದಿತ್ತು" ಎಂದಳು, ಅಷ್ಟೆ. ಅವಳು ತೀರಿಕೊಂಡದ್ದು 2004ರಲ್ಲಿ. ನಡುವಿನ ಹದಿನಾರು ವರ್ಷಗಳಲ್ಲಿ ಆ ಕತ್ತಲೆ ಕೋಣೆಯ ಬಾಗಿಲು ಎಷ್ಟು ಸಲ ಮುಚ್ಚಿಕೊಂಡಿತೋ.

ಈ ಹಳೆಯ ಕಥೆಯನ್ನು ಈಗ ಎತ್ತಿಕೊಳ್ಳಲು ಕಾರಣ ನನ್ನ ತಂಗಿಯ ಮಗಳು. ಅತ್ತೆಯ ನೋವು ಅವಳಿಗೆ ಆಸ್ತಿಯಂತೆ ಬಂದಿದೆ. ಈ ರೋಗ ಮನೆತನದಲ್ಲಿ ಹರಿದು ಬರುವುದುಂಟು. ಕಳೆದ ವರ್ಷ ಅವಳು ಬಂದು ಕೇಳಿದಳು: "ಮಾವ, ಬೆಂಗಳೂರಿನಲ್ಲಿ ಆಯುರ್ವೇದದ ಡಾಕ್ಟರೊಬ್ಬರು ವಿಜಯಾ ಎಣ್ಣೆಯ ಚೀಟಿ ಬರೆದುಕೊಟ್ಟಿದ್ದಾರೆ. ಅದು ಗಾಂಜಾದ್ದೇ ಅಂತೆ. ತರಿಸಲಾ, ಬೇಡವಾ? ನೀವು ಮೇಷ್ಟ್ರಲ್ವಾ, ನೀವೇ ಹೇಳಿ." ಅವಳಿಗೆ ಬಚ್ಚಲೊಲೆಯ ಕಥೆ ಗೊತ್ತಿರಲಿಲ್ಲ. ನಾನು ಒಂದು ವಾರದ ಅವಧಿ ಕೇಳಿದೆ. ಆ ವಾರ ಒಂದು ತಿಂಗಳಾಯಿತು.

ಓದುತ್ತ ಹೋದಂತೆ ಮೊದಲು ನಾಚಿಕೆಯಾಯಿತು. ನಾನು ಬೆಂಕಿಗೆ ಹಾಕಿದ್ದನ್ನು ಒಂದು ಕಾಲದಲ್ಲಿ ಬಿಳಿಯರ ದೊಡ್ಡ ಡಾಕ್ಟರುಗಳು ಶೀಸೆಯಲ್ಲಿಟ್ಟು ಕೊಡುತ್ತಿದ್ದರು. ಕಲ್ಕತ್ತೆಯ ವೈದ್ಯಕೀಯ ಕಾಲೇಜಿನಲ್ಲಿದ್ದ ಓಶಾಗ್ನೆಸಿ ಎಂಬ ಐರಿಷ್ ವೈದ್ಯರು 1839ರಲ್ಲಿ ನಮ್ಮ ದೇಶದ ಈ ಗಿಡದ ಗುಣಗಳ ಬಗ್ಗೆ ಬರೆದರು. (ಭಾರತಕ್ಕೆ ತಂತಿ ಎಳೆಸಿದವರೂ ಅವರೇ.) ಅಲ್ಲಿಂದ ಅದು ಇಂಗ್ಲೆಂಡಿಗೆ, ಅಮೆರಿಕಕ್ಕೆ ಹೋಯಿತು. ಆ ಕಾಲದ ವೈದ್ಯಲೋಕ ಗುರುವೆಂದು ಕಾಣುತ್ತಿದ್ದ ವಿಲಿಯಂ ಆಸ್ಲರ್, 1892ರ ತಮ್ಮ ಪಠ್ಯಪುಸ್ತಕದಲ್ಲಿ ಅರೆತಲೆಶೂಲೆಗೆ ಬಹುಶಃ ಇದೇ ಎಲ್ಲಕ್ಕಿಂತ ತೃಪ್ತಿಕರ ಮದ್ದು ಎಂಬರ್ಥದ ಮಾತು ಬರೆದಿದ್ದಾರೆ. ಮರುವರ್ಷ ಬ್ರಿಟಿಷ್ ಸರಕಾರ ಭಾರತದಲ್ಲಿ ಭಂಗಿ, ಗಾಂಜಾ, ಚರಸುಗಳ ವಿಚಾರಣೆಗೆ ಒಂದು ಆಯೋಗವನ್ನೇ ನೇಮಿಸಿತು. ಮಿತವಾದ ಬಳಕೆಯಿಂದ ಹೇಳಿಕೊಳ್ಳುವಂಥ ಕೇಡಿಲ್ಲ, ಪೂರ್ತಿ ನಿಷೇಧ ಬೇಕಾಗಿಲ್ಲ ಎಂದು 1894ರಲ್ಲಿ ಅದು ವರದಿ ಕೊಟ್ಟಿತು. ಆಮೇಲೆ ಗಾಳಿ ತಿರುಗಿತು. ಶೀಸೆಯಿಂದ ಶೀಸೆಗೆ ಮದ್ದಿನ ಬಲ ಒಂದೇ ಸಮ ಇರುತ್ತಿರಲಿಲ್ಲ, ಆಸ್ಪಿರಿನ್ ಬಂದಿತ್ತು, ಅಮೆರಿಕದಲ್ಲಿ ರಾಜಕೀಯವೂ ಸೇರಿಕೊಂಡಿತು. 1942ರಲ್ಲಿ ಅಲ್ಲಿನ ಔಷಧಕೋಶದಿಂದ ಅದರ ಹೆಸರು ಹೋಯಿತು.

ನಮ್ಮ ವೈದ್ಯರಿಗೂ ಅದು ಹೊಸತಲ್ಲ. ಶಾರ್ಙ್ಗಧರ ಸಂಹಿತೆಯಲ್ಲಿ ಭಂಗಾ ಇದೆ, ಭಾವಪ್ರಕಾಶದಲ್ಲಿದೆ. ಗ್ರಹಣಿ, ಭೇದಿಗಳಿಗೆ ಕೊಡುವ ಜಾತೀಫಲಾದಿ ಚೂರ್ಣದಲ್ಲಿ ಇವತ್ತಿಗೂ ಇದೆ. ಅಜ್ಜಿ ದನಗಳಿಗೆ ಕುಡಿಸುತ್ತಿದ್ದುದು ತೀರ ತಲೆಬುಡವಿಲ್ಲದ ಕ್ರಮವಾಗಿರಲಿಲ್ಲ. ಹಾಗೆಂದು ಆಯುರ್ವೇದ ಅದನ್ನು ಕಣ್ಣುಮುಚ್ಚಿ ಹೊಗಳಿಲ್ಲ, ಉಪವಿಷಗಳ ಸಾಲಿನಲ್ಲಿ ಕೂರಿಸಿದೆ. ಸರಿಯಾಗಿ ಬಳಸಿದರೆ ಉಗ್ರ ವಿಷವೂ ಮದ್ದಾಗುತ್ತದೆ, ತಪ್ಪಾಗಿ ಬಳಸಿದರೆ ಮದ್ದೂ ವಿಷವಾಗುತ್ತದೆ ಎಂಬ ಅಭಿಪ್ರಾಯ ಚರಕಸಂಹಿತೆಯಲ್ಲಿಯೇ ಇದೆ.

ಇನ್ನು ಕಾನೂನು. ನಾನು ಯಾವುದರ ಹೆಸರಿನಲ್ಲಿ ಗಿಡ ಕಿತ್ತೆನೋ ಆ 1985ರ ಕಾನೂನನ್ನು ನಾನು ಪೂರ್ತಿ ಓದಿದ್ದು ಕಳೆದ ವರ್ಷ! ಅದರಲ್ಲಿ ಗಾಂಜಾ ಎಂದರೆ ಗಿಡದ ಹೂವು ಕಾಯಿಗಳ ತುದಿ. ತುದಿಯಿಂದ ಬೇರ್ಪಟ್ಟ ಸೊಪ್ಪು ಮತ್ತು ಬೀಜ ಆ ವ್ಯಾಖ್ಯೆಯ ಹೊರಗೆ. ಹಾಗಾಗಿಯೇ ಉತ್ತರದ ಕೆಲವು ರಾಜ್ಯಗಳಲ್ಲಿ ಸರಕಾರದ ಪರವಾನಗಿಯ ಭಂಗಿ ಅಂಗಡಿಗಳಿವೆ. ಹಾಗಾಗಿಯೇ ಸೊಪ್ಪಿನಿಂದ ತೆಗೆದ ವಿಜಯಾ ಎಣ್ಣೆ ಆಯುರ್ವೇದದ ಪರವಾನಗಿಯಲ್ಲಿ ಚೀಟಿಯ ಮೇಲೆ ಮಾರಾಟವಾಗುತ್ತದೆ. ಭಂಗಿ ಈ ಕಾನೂನಿನಡಿ ಬರುವುದಿಲ್ಲವೆಂದು 2022ರಲ್ಲಿ ಕರ್ನಾಟಕದ ಹೈಕೋರ್ಟು ಜಾಮೀನು ಅರ್ಜಿಯೊಂದರಲ್ಲಿ ಹೇಳಿತು. ಆದರೆ ಪರವಾನಗಿಯಿಲ್ಲದೆ ಗಿಡ ಬೆಳೆಸುವುದು ಅಪರಾಧವೇ. ಸೊಪ್ಪು ತಪ್ಪಲ್ಲ, ಗಿಡ ತಪ್ಪು! ಕಾನೂನಿನ ಪ್ರಕಾರ ನಾನು ಕಿತ್ತದ್ದು ಸರಿ. ಭರಣಿಯ ತುಪ್ಪವನ್ನು ಸುರಿದದ್ದು ಮಾತ್ರ ಬಹುಶಃ ಅನಗತ್ಯ. ಇನ್ನೊಂದು ಮಾತೂ ಅದರಲ್ಲಿದೆ. ಎಲ್ಲ ನಿಷೇಧವನ್ನು ಹೇಳುವ ಎಂಟನೆಯ ಕಲಮಿನಲ್ಲೇ, ವೈದ್ಯಕೀಯ ಮತ್ತು ವೈಜ್ಞಾನಿಕ ಉದ್ದೇಶಗಳನ್ನು ಹೊರತುಪಡಿಸಿ ಎಂದಿದೆ. ಬಾಗಿಲು ಮಾಡಿ ಇಟ್ಟಿದ್ದಾರೆ, ಕೀಲಿಕೈ ಯಾರಲ್ಲಿದೆಯೆಂದು ಹೇಳಿಲ್ಲ. 2020ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯ ಆಯೋಗ ಈ ಗಿಡವನ್ನು ಅತಿ ಅಪಾಯಕಾರಿ ವಸ್ತುಗಳ ಪಟ್ಟಿಯಿಂದ ಕೈಬಿಟ್ಟಿತು. ಪರವಾಗಿ 27 ಮತ, ವಿರುದ್ಧ 25. ಭಾರತ ಪರವಾಗಿ ಮತ ಹಾಕಿತ್ತು.

ಇಷ್ಟು ಓದಿದಾಗ ಉತ್ತರ ಸಿಕ್ಕಿತೆಂದೇ ನನಗೆ ಅನಿಸಿತ್ತು. ತರಿಸು ಮಗಳೇ ಎನ್ನಲು ಫೋನು ಕೈಗೆ ತೆಗೆದುಕೊಂಡಿದ್ದೆ. ಆದರೆ ಹಳಬರು ಹೊಗಳಿದ್ದಾರೆ, ಕಾನೂನಿನಲ್ಲಿ ಸಂದು ಇದೆ ಎಂಬುದರಿಂದ ಮದ್ದು ಮದ್ದಾಗುವುದಿಲ್ಲವಷ್ಟೆ. ಈಗಿನವರು ಏನು ಕಂಡಿದ್ದಾರೆ?

ಸ್ಯಾನ್ ಡಿಯಾಗೋದಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದವರು ಅರೆತಲೆಶೂಲೆಯ 92 ರೋಗಿಗಳ ಮೇಲೆ ಒಂದು ಶಿಸ್ತಿನ ಪರೀಕ್ಷೆ ನಡೆಸಿ 2024ರಲ್ಲಿ ಫಲಿತಾಂಶ ಮುಂದಿಟ್ಟರು. ಅಮಲೇರಿಸುವ ಟಿಎಚ್‌ಸಿ, ಅಮಲಿಲ್ಲದ ಸಿಬಿಡಿ, ಎರಡರ ಮಿಶ್ರಣ, ಮತ್ತು ಏನೂ ಇಲ್ಲದ ಹುಸಿಮದ್ದು: ಇವನ್ನು ಯಾವುದು ಯಾವುದೆಂದು ತಿಳಿಸದೆ ಆವಿಯಾಗಿ ಸೇದಲು ಕೊಟ್ಟರು. ಎರಡು ತಾಸಿನ ಬಳಿಕ ಮಿಶ್ರಣ ಸೇದಿದಾಗ ನೂರಕ್ಕೆ ಸುಮಾರು 67 ಸಲ ನೋವು ಇಳಿದಿತ್ತು. ಹುಸಿಮದ್ದು ಸೇದಿದಾಗ ಸುಮಾರು 47 ಸಲ. ಬರಿಯ ಸಿಬಿಡಿ ಹುಸಿಮದ್ದಿಗಿಂತ ಮೇಲಾಗಿ ಕಾಣಲಿಲ್ಲ. ಮಿಶ್ರಣದಿಂದ ಉಪಯೋಗ ಇದೆ ಎಂದಾಯಿತು, ಸುಳ್ಳಲ್ಲ. ಆದರೆ ಈ 47 ಎಂಬ ಅಂಕಿಯನ್ನು ನಾನು ಬಹಳ ಹೊತ್ತು ನೋಡುತ್ತ ಕುಳಿತೆ. ಏನೂ ಇಲ್ಲದ ಆವಿಯಿಂದ ಅರ್ಧದಷ್ಟು ಸಲ ನೋವು ಇಳಿಯುವುದಾದರೆ, ಅತ್ತೆ ಸಂಜೆಗೆ ಎದ್ದು ದೀಪ ಇಡುತ್ತಿದ್ದುದು ಸೊಪ್ಪಿನಿಂದಲೋ, ಅಥವಾ ಭರಣಿ ಹಿಡಿದು ಪಕ್ಕದಲ್ಲಿ ಕೂತು ಹಣೆ ನೀವುತ್ತಿದ್ದ ಅಜ್ಜಿಯಿಂದಲೋ? ಅದಲ್ಲದೆ ಅರೆತಲೆಶೂಲೆ ಬಂದಾಗ ಜಠರದ ಕೆಲಸ ನಿಧಾನವಾಗುತ್ತದೆ, ನುಂಗಿದ್ದು ಬೇಗ ರಕ್ತಕ್ಕೆ ಸೇರುವುದಿಲ್ಲ. ತುಪ್ಪದಲ್ಲಿ ತಿಂದ ಸೊಪ್ಪಿಗಂತೂ ಅಮಲೇರಲು ಆರೋಗ್ಯವಂತನಲ್ಲೇ ಒಂದೆರಡು ತಾಸು ಬೇಕು. ತಡವಾಯಿತೆಂದು ಇನ್ನೊಂದು ಬೆರಳು ತಿಂದರೆ ಅಳತೆ ತಪ್ಪುತ್ತದೆ. ಸ್ಯಾನ್ ಡಿಯಾಗೋದಲ್ಲಿ ಪರೀಕ್ಷಿಸಿದ್ದು ಆವಿಯನ್ನು, ಎಣ್ಣೆಯನ್ನಲ್ಲ ಎಂಬುದನ್ನು ಚೀಟಿ ಬರೆದವರು ನನ್ನ ಸೊಸೆಗೆ ಹೇಳಿರಲಿಲ್ಲ.

ಬೇರೆ ಕೇಡುಗಳೂ ಇವೆ. ಹರೆಯದವರಲ್ಲಿ ಹೆಚ್ಚು ಬಲದ ಗಾಂಜಾ ಚಿತ್ತವಿಕಾರಕ್ಕೆ ದಾರಿ ಮಾಡುವ ಭಯ ಸುಳ್ಳಲ್ಲ. ಬಸುರಿಯರಿಗೆ ಅದು ಸಲ್ಲದು. ದಿನಾ ಬಳಸಿದವರಲ್ಲಿ ಕೆಲವರಿಗೆ ನಿಲ್ಲದ ವಾಂತಿ ಬರುವುದುಂಟು.

ಈಗ ಮೂಲ ಪ್ರಶ್ನೆಗೆ ಬರುತ್ತೇನೆ. ನಮ್ಮ ಊರಿನ ಎರಡು ಮನೆಗಳಲ್ಲಿ ಹುಡುಗರು ಕೈತಪ್ಪಿ ಹೋದದ್ದನ್ನು ನಾನು ಕಂಡಿದ್ದೇನೆ. ಒಬ್ಬ ನನ್ನ ವಿದ್ಯಾರ್ಥಿ, ಚೆನ್ನಾಗಿ ಕನ್ನಡ ಬರೆಯುತ್ತಿದ್ದವನು. ಗಾಂಜಾದಿಂದ ಶುರುವಾದದ್ದು ಮತ್ತೆಲ್ಲಿಗೋ ಹೋಯಿತು. ಅವನ ತಾಯಿಯ ಎದುರು ನಿಂತು, ಅಮ್ಮ ಅದು ಔಷಧವೂ ಹೌದು ಎಂದು ಹೇಳುವ ಧೈರ್ಯ ನನಗಿಲ್ಲ. ಕಾನೂನು ಬೇಲಿ ಹಾಕಿದ್ದು ಅಂಥ ಹುಡುಗರಿಗಾಗಿ. ಆದರೆ ಬೇಲಿಯ ಮುಳ್ಳು ಚುಚ್ಚಿದ್ದು ಕತ್ತಲೆ ಕೋಣೆಯಲ್ಲಿ ಮಲಗಿದ್ದ ನಲವತ್ತರ ಹೆಂಗಸಿಗೆ. ಒಬ್ಬನನ್ನು ಕಾಯುವುದಕ್ಕಾಗಿ ಇನ್ನೊಬ್ಬಳ ನೋವನ್ನು ಹಾಗೇ ಇರಗೊಡಬಹುದೇ? ಅದೂ ಅವಳನ್ನು ಕೇಳದೆ? ಲೋಕದ ಲೆಕ್ಕದಲ್ಲಿ ಹಲವರ ಒಳಿತಿಗೆ ಕೆಲವರು ತಾಳಿಕೊಳ್ಳಬೇಕಾಗುತ್ತದೆ ಎನ್ನುವವರಿದ್ದಾರೆ. ಸರಿ, ಆದರೆ ತಾಳಿಕೊಳ್ಳುವವರು ಯಾವಾಗಲೂ ಅದೇ ಕೋಣೆಯವರೇ ಏಕಾಗುತ್ತಾರೆ?

ಅಮಲಿನ ವಿಷಯದಲ್ಲಿ ನಾವು ಅಷ್ಟೇನೂ ಶುದ್ಧರಲ್ಲ ಎಂಬುದನ್ನೂ ಹೇಳಬೇಕು. ನನ್ನ ಓದಿನ ಖರ್ಚು ಬಂದದ್ದು ಅಡಿಕೆಯಿಂದ. ಈ ಗಡಿಸೀಮೆಯ ಎಷ್ಟೋ ಮನೆಗಳ ಮಾಡಿಗೆ ಹಂಚು ಬಂದದ್ದು ಅಡಿಕೆಯಿಂದ, ಇಲ್ಲವೇ ಕರಾವಳಿಯ ಹೊಗೆಸೊಪ್ಪಿನಿಂದ. ಅಡಿಕೆ ಕ್ಯಾನ್ಸರ್ ತರಬಲ್ಲದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2004ರಲ್ಲಿ ಹೇಳಿದಾಗ ನಾವು ಸಭೆ ಮಾಡಿ ಪ್ರತಿಭಟಿಸಿದೆವು, ನಾನೂ ಸಹಿ ಹಾಕಿದೆ. ಶೇಂದಿಯಂಗಡಿಗೆ ಲೈಸೆನ್ಸ್ ಇದೆ. ಇದರಿಂದ ಗಾಂಜಾ ಒಳ್ಳೆಯದೆಂದು ಸಿದ್ಧವಾಗುವುದಿಲ್ಲ, ಒಂದು ತಪ್ಪು ಇನ್ನೊಂದಕ್ಕೆ ಸಮರ್ಥನೆಯಲ್ಲ. ಬಚ್ಚಲೊಲೆಯ ಮುಂದೆ ನಾನು ನಿಂತ ಆ ದಿನ ನನ್ನ ಬಾಯಲ್ಲಿ ಕವಳ ಇತ್ತು, ಅದಕ್ಕೆ ಹೇಳಿದೆ.

ಕೇರಳದಲ್ಲಿ ಬದುಕುವ ಕನ್ನಡಿಗರಾಗಿ ನಾವು ದೂರು ಹೇಳಿಕೊಳ್ಳುವುದೇ ಹೆಚ್ಚು, ದೂರುಗಳು ಸುಳ್ಳೂ ಅಲ್ಲ. ಆದರೆ ಈ ಪ್ರಶ್ನೆಗೆ ನನಗೆ ಬೆಳಕು ಸಿಕ್ಕಿದ್ದು ಈ ರಾಜ್ಯದಿಂದಲೇ. 1985ರ ಕಾನೂನು ಬಂದಮೇಲೆ ದೇಶದಲ್ಲಿ ಮಾರ್ಫಿನ್ ಬಳಕೆ ತೀರ ಕುಸಿಯಿತು. ಅಫೀಮು ಬೆಳೆದು ಹೊರದೇಶಗಳಿಗೆ ಕಳಿಸುವ ನಾಡಿನಲ್ಲೇ ಕ್ಯಾನ್ಸರ್ ರೋಗಿಗಳು ಅದಿಲ್ಲದೆ ಒದ್ದಾಡಿ ಸತ್ತರು. ಪರವಾನಗಿಯ ಜಂಜಾಟಕ್ಕೂ ಶಿಕ್ಷೆಗೂ ಹೆದರಿ ಆಸ್ಪತ್ರೆಗಳು ಅದನ್ನು ಇಟ್ಟುಕೊಳ್ಳುವುದನ್ನೇ ಬಿಟ್ಟವು. ಆಗ 1993ರಲ್ಲಿ ಕೋಝಿಕ್ಕೋಡಿನಲ್ಲಿ ಡಾ. ಎಂ. ಆರ್. ರಾಜಗೋಪಾಲ್ ಮತ್ತು ಸಂಗಡಿಗರು ನೋವು ಶಮನದ ಒಂದು ಸಂಘ ಕಟ್ಟಿದರು. ಮಾರ್ಫಿನ್ ಒಳಗೆ ಬೀಗ, ಹೊರಗೆ ಲೆಕ್ಕದ ಪುಸ್ತಕ. ತರಬೇತಿಯಾದ ನರ್ಸು, ಊರಿನ ಸ್ವಯಂಸೇವಕರು ಮನೆಮನೆಗೆ. 2008ರಲ್ಲಿ ಕೇರಳ ಸರಕಾರ ಅದನ್ನು ರಾಜ್ಯದ ನೀತಿಯನ್ನಾಗಿ ಮಾಡಿತು. 2014ರಲ್ಲಿ ಪಾರ್ಲಿಮೆಂಟು ಕಾನೂನನ್ನೇ ತಿದ್ದಿ, ಅಗತ್ಯವಾದ ಇಂಥ ಮದ್ದುಗಳಿಗೆ ದೇಶಕ್ಕೆಲ್ಲ ಒಂದೇ ನಿಯಮ ತಂದಿತು. ಎಂಡೋಸಲ್ಫಾನ್ ಸುರಿದ ನಮ್ಮ ಹಳ್ಳಿಗಳಲ್ಲೂ ಆ ನರ್ಸುಗಳ ಜೀಪು ಓಡಾಡಿದ್ದನ್ನು ತಾವೂ ನೋಡಿರಬಹುದು. ಗಾಂಜಾಕ್ಕಿಂತ ಮಾರ್ಫಿನ್ ಹೆಚ್ಚು ಅಪಾಯದ ವಸ್ತು. ಅದನ್ನೂ ನೋವಿನವರಿಗೆ ತಲುಪಿಸಿ, ದಾರಿತಪ್ಪುವವರಿಂದ ಸಾಕಷ್ಟು ದೂರವಿಡಲು ಸಾಧ್ಯವಾಯಿತು. ಬೇಲಿಗೆ ಒಂದು ಗೇಟು, ಗೇಟಿಗೆ ಒಬ್ಬ ಕಾವಲಿನವ, ಇಷ್ಟೇ.

ಆದರೆ ಹೋಲಿಕೆಯನ್ನು ಪೂರ್ತಿ ಎಳೆಯಲಾಗದು. ಮಾರ್ಫಿನ್ ಏನು ಮಾಡುತ್ತದೆಂದು ಡಾಕ್ಟರಿಗೆ ಸಂಶಯವಿಲ್ಲ, ಅಳತೆ ಗೊತ್ತು. ಅರೆತಲೆಶೂಲೆಗೆ ಗಾಂಜಾದ ವಿಷಯದಲ್ಲಿ ಈಗ ಇರುವುದು ಬೆರಳೆಣಿಕೆಯ ಪರೀಕ್ಷೆಗಳು. ಅದೇ ವೇಳೆಗೆ ಬೇರೆ ಮದ್ದುಗಳಿಗೆ ಪುರಾವೆ ಗಟ್ಟಿಯಾಗಿದೆ: ದಿನಾ ತಿಂದು ನೋವು ಬಾರದಂತೆ ತಡೆಯುವ ಪ್ರೊಪ್ರನೊಲಾಲ್, ಅಮಿಟ್ರಿಪ್ಟಿಲಿನ್, ಬಂದಾಗ ತೆಗೆದುಕೊಳ್ಳುವ ಸುಮಾಟ್ರಿಪ್ಟಾನ್. ಇವುಗಳಲ್ಲಿ ಮೊದಲ ಎರಡು ಅತ್ತೆಯ ಕಾಲದಲ್ಲೇ ಇದ್ದವು, ಮಂಗಳೂರಿನಲ್ಲಿ ಸಿಗುತ್ತಿದ್ದವು, ಬೆಲೆಯೂ ಹೆಚ್ಚಲ್ಲ.

ಇಲ್ಲಿಗೆ ಬಂದಾಗ ನನ್ನ ತಪ್ಪು ಎಲ್ಲಿದೆಯೆಂದು ಕಂಡಿತು. ಗಿಡ ಕಿತ್ತದ್ದು ಅಷ್ಟು ದೊಡ್ಡ ತಪ್ಪಲ್ಲ. ಕಿತ್ತ ಮೇಲೆ ಕೈ ತೊಳೆದುಕೊಂಡು ಶಾಲೆಗೆ ಹೋದೆನಲ್ಲ! ಅವಳ ಕೈಯಲ್ಲಿದ್ದ ಒಂದೇ ಒಂದು ಮದ್ದನ್ನು, ಅದು ನಿಜವೋ ಹುಸಿಯೋ, ಕಸಿದುಕೊಂಡವನು ಅದರ ಜಾಗದಲ್ಲಿ ಏನನ್ನೂ ಇಡಲಿಲ್ಲ. ತಲಪಾಡಿಯ ಆಚೆಗೆ ಬಸ್ಸಿನಲ್ಲಿ ಕರೆದುಕೊಂಡು ಹೋಗಿ ನರರೋಗದ ಒಬ್ಬ ಡಾಕ್ಟರಿಗೆ ತೋರಿಸಬಹುದಿತ್ತು. 2020ರಲ್ಲಿ ಅದೇ ತಲಪಾಡಿಯಲ್ಲಿ ಗಡಿ ಮುಚ್ಚಿ, ನಮ್ಮ ರೋಗಿಗಳು ಮಂಗಳೂರು ಸೇರಲಾಗದೆ ಸತ್ತಾಗ ನಾನು ಎಷ್ಟು ಕೋಪಗೊಂಡಿದ್ದೆ, ಪತ್ರಿಕೆಗೆ ಬರೆದೂ ಇದ್ದೆ. ಅತ್ತೆಯ ಪಾಲಿನ ಗಡಿಯನ್ನು ಯಾವ ಸರಕಾರವೂ ಮುಚ್ಚಿರಲಿಲ್ಲ.

ಸೊಸೆಗೆ ಬಚ್ಚಲೊಲೆಯ ಕಥೆಯನ್ನು ಹೇಳಿದೆ. ಅವಳು ಸುಮ್ಮನೆ ಕೇಳಿದಳು. ಆಮೇಲೆ ಇಬ್ಬರೂ ಮಂಗಳೂರಿಗೆ ಹೋದೆವು. ವಿಜಯಾ ಎಣ್ಣೆಯ ಚೀಟಿಯನ್ನೂ ತೋರಿಸು, ಅಡಗಿಸಬೇಡ ಎಂದಿದ್ದೆ. ಡಾಕ್ಟರು ಅದನ್ನು ಓದಿ ಬೈಯಲಿಲ್ಲ, ನಗಲೂ ಇಲ್ಲ. ಮೊದಲು, ನೋವಿನ ಗುಳಿಗೆ ತಿಂಗಳಿಗೆ ಎಷ್ಟು ದಿನ ತಿನ್ನುತ್ತೀರಿ ಎಂದು ಕೇಳಿದರು. ಹದಿನೆಂಟು ಇಪ್ಪತ್ತು ದಿನ ಎಂದಳು. ಹದಿನೈದು ದಿನ ಮೀರಿದರೆ ಆ ಗುಳಿಗೆಯೇ ತಲೆನೋವನ್ನು ಸಾಕುತ್ತದೆ, ಗಾಂಜಾದ ವಿಷಯದಲ್ಲೂ ಅದೇ ಸಂಶಯವಿದೆ, ಮೊದಲು ಇದನ್ನು ಇಳಿಸೋಣ ಎಂದರು. ದಿನಕ್ಕೊಂದು ತಡೆಗುಳಿಗೆ, ಒಂದು ನೋಟುಪುಸ್ತಕದಲ್ಲಿ ನೋವಿನ ಲೆಕ್ಕ. ಆರು ತಿಂಗಳ ಮೇಲೂ ತಡೆಯಲಾಗದಿದ್ದರೆ ಆ ಎಣ್ಣೆಯ ಮಾತನ್ನು ಆಗ ಆಡೋಣ, ನನಗೆ ಹೇಳದೆ ಮಾತ್ರ ತೆಗೆದುಕೊಳ್ಳಬೇಡಿ ಎಂದರು. ನನಗೆ ಹೇಳಲು ಬಾರದಿದ್ದ ಮಾತು ಅದೇ ಆಗಿತ್ತು.

ಈಗ ಏಳು ತಿಂಗಳಾಯಿತು. ತಿಂಗಳಿಗೆ ಎಂಟು ಸಲ ಬರುತ್ತಿದ್ದದ್ದು ಮೂರಕ್ಕೆ ಇಳಿದಿದೆ. ಪೂರ್ತಿ ಹೋಗಿಲ್ಲ. ಚೀಟಿ ಅವಳ ನೋಟುಪುಸ್ತಕದ ನಡುವೆ ಮಡಚಿಕೊಂಡೇ ಇದೆ, ಎಸೆಯಲಿಲ್ಲ. ಎಸೆ ಎಂದು ನಾನೂ ಹೇಳಿಲ್ಲ. ಹಿಂದಿನ ವಾರ ಅವಳ ಗಂಡ ಊರಲ್ಲಿಲ್ಲದಾಗ ನೋವು ಬಂತೆಂದು ಫೋನು ಮಾಡಿದಳು. ಹೋಗಿ ಕಿಟಕಿಗೆ ಕಂಬಳಿ ಕಟ್ಟಿದೆ, ಬೈರಾಸು ಒದ್ದೆ ಮಾಡಿಕೊಟ್ಟೆ, ಕಾಲಬುಡದಲ್ಲಿ ಕುಳಿತೆ. ಒಂದು ತಾಸು ಕಳೆದಿರಬೇಕು. "ಮಾವ, ಅತ್ತೆಯಜ್ಜಿಯ ಭರಣಿ ಈಗಲೂ ಇದೆಯಾ?" ಎಂದು ಕಣ್ಣು ತೆರೆಯದೆ ಕೇಳಿದಳು. ಅಟ್ಟದಲ್ಲಿದೆ, ಖಾಲಿ ಎಂದೆ. "ಇರಲಿ ಬಿಡಿ, ಮನೆಗೆ ಹೋಗುವಾಗ ನನಗೆ ಬೇಕು" ಎಂದು ಗೋಡೆಯ ಕಡೆ ಹೊರಳಿಕೊಂಡಳು.